ಸೊಂಟ ನೋವು ಅಂತ ಬಂದ ಬೀಡಿ ಅಕ್ಕ

ಇದು ಒಂದೇ ಒಂದು ಕೇಸು, ಆದ್ರೆ ಬರೀಲಿಕ್ಕೆ ಕೂತ್ರೆ ಉದ್ದ ಆಗ್ತದೆ, ಸ್ವಲ್ಪ ಸಹಿಸ್ಕೊಳ್ಳಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಇನ್ನೂ ಒಳಗೆ, ಬಸ್ಸು ದಿನಕ್ಕೆ ಮೂರೇ ಸಲ ಬರುವ ಜಾಗ. ಊರಿನ ಹೆಸರು ಬೇಡ, ಹೆಂಗಸಿನ ಹೆಸರೂ ಬೇಡ, ಬೀಡಿ ಅಕ್ಕ ಅಂತ ಬರೀತೇನೆ. ನಿಮ್ಮ ಕತೆ ಬರೀಲಾ ಅಂತ ಕೇಳಿದಾಗ ಅವ್ರು ಹೇಳಿದ್ದು ಒಂದೇ ಮಾತು: "ಬರೀರಿ ಸಿಸ್ಟರ್, ಆದ್ರೆ ಇವರನ್ನು ತೀರಾ ಕೆಟ್ಟವ್ರು ಮಾಡ್ಬೇಡಿ." ಇವರು ಅಂದ್ರೆ ಗಂಡ.

2022ರ ಜುಲೈ, ಹೊರಗೆ ಜಡಿಮಳೆ. ನಾನು ಆಗ ಆ ಭಾಗದಲ್ಲಿ ಕೌನ್ಸಿಲಿಂಗ್ ಕೆಲಸದಲ್ಲಿ ಇದ್ದೆ, ನರ್ಸ್ ಅಲ್ಲ, ಆದ್ರೂ ಎಲ್ಲರೂ ಸಿಸ್ಟರ್ ಅಂತಲೇ ಕರೆಯುದು, ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟೆ. ಅಕ್ಕ ಬಂದದ್ದು ಸೊಂಟ ನೋವು ಅಂತ. ಬೀಡಿ ಕಟ್ಟುವವರಿಗೆ ಸೊಂಟ ನೋವು ಎಂತ ಹೊಸ ಸಂಗತಿಯ, ಬೆಳಿಗ್ಗೆ ಕಾಲು ಮಡಚಿ ಕೂತ್ರೆ ಮಧ್ಯಾಹ್ನ ಗಂಜಿಗೆ ಏಳುದು. ನಾನೂ ಹಾಗೇ ಅಂದ್ಕೊಂಡು ಎರಡು ಮಾತು ಹೇಳಿ ಕಳಿಸ್ಲಿಕ್ಕೆ ಹೊರಟೆ. ಅವ್ರು ಬಾಗಿಲ ತನಕ ಹೋಗಿ, ಕೊಡೆ ಬಿಡಿಸಿ, ಪುನಃ ಮಡಚಿ, ಹಿಂದೆ ತಿರುಗಿ ಹೇಳಿದ್ರು, "ಮತ್ತೆ... ಬಿಳಿ ಹೋಗ್ತದೆ, ಸ್ವಲ್ಪ."

ಆ ಸ್ವಲ್ಪಕ್ಕೆ ಆಗ ಮೂರು ವರ್ಷ ಆಗಿತ್ತು. ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸ್ಬೇಕು, ವಾಸನೆ, ತುರಿಕೆ, ಮೂತ್ರ ಮಾಡುವಾಗ ಉರಿ, ಗಂಡನ ಜೊತೆ ಸೇರಿದ್ರೆ ನೋವು. ಇಷ್ಟೂ ಹೊರಗೆ ಬರ್ಲಿಕ್ಕೆ ಇನ್ನೊಂದು ಮುಕ್ಕಾಲು ಗಂಟೆ ಹಿಡೀತು, ಕೊನೆಯದ್ದನ್ನು ಅವ್ರು ಹೇಳ್ಲೇ ಇಲ್ಲ, ನಾನು ಕೇಳಿದ್ದಕ್ಕೆ ತಲೆ ಆಡಿಸಿದ್ರು ಅಷ್ಟೆ.

ಅಕ್ಕನ ಬಗ್ಗೆ ಹೇಳ್ಬೇಕಾದಷ್ಟು ಹೇಳ್ತೇನೆ. ಆಗ 39 ವಯಸ್ಸು. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು, ಅಲ್ಲಿಂದ ಸೀದಾ ಬೀಡಿ ಕಟ್ಟುವ ಗೆರಸೆ (ಮೊರ) ತೊಡೆ ಮೇಲೆ. ದಿನಕ್ಕೆ 700 ಬೀಡಿ ಕಟ್ತಾರೆ, ಕೈ ಅಷ್ಟು ಚುರುಕು. ರೇಷನ್ ಕಾರ್ಡು ಪಿಂಕ್, ಅಂದ್ರೆ ಬಡವರದ್ದು. ಇಬ್ಬರು ಮಕ್ಕಳು, ಎರಡನೆಯದ್ದು ಆದ ಮೇಲೆ ಆಪರೇಷನ್. ಗಂಡ ಮೊದಲು ಕೆಂಪುಕಲ್ಲಿನ ಕೋರೆಯಲ್ಲಿ ಇದ್ದವ್ರು, ಬೆನ್ನು ಹಿಡಿದ ಮೇಲೆ ಬೆಂಗಳೂರಿಗೆ ಹೋಟೆಲಿನ ಅಡಿಗೆ ಕೆಲಸಕ್ಕೆ ಹೋದದ್ದು, ಎರಡು ಮೂರು ತಿಂಗಳಿಗೊಮ್ಮೆ ಊರಿಗೆ. ಮನೆ ಅಂದ್ರೆ ಒಂದು ಕೋಣೆ, ಒಂದು ಅಡಿಗೆ ಜಾಗ, ಮಧ್ಯದಲ್ಲಿ ಹಳೆ ಸೀರೆಯ ಪರದೆ. ಬಚ್ಚಲಿಗೆ ಬಾಗಿಲುಂಟು, ಚಿಲಕ ಇಲ್ಲ.

ಮೂರು ವರ್ಷ ಅಕ್ಕ ಸುಮ್ಮನೆ ಕೂತದ್ದಲ್ಲ, ಇದನ್ನು ಒತ್ತಿ ಹೇಳ್ಬೇಕು. ಬಡ ಹೆಂಗಸರು ಆರೋಗ್ಯದ ಬಗ್ಗೆ ಅಸಡ್ಡೆ ಅಂತ ಒಂದು ಮಾತು ನಮ್ಮ ಮೀಟಿಂಗುಗಳಲ್ಲಿ ಆಗಾಗ ಬರ್ತದೆ, ನನಗೆ ಕೇಳಿದ್ರೆ ಮೈ ಉರೀತದೆ. ಮೊದಲು ಉಷ್ಣ ಅಂತ ಮೊಟ್ಟೆ, ಒಣಮೀನು, ಪಪ್ಪಾಯಿ ಬಿಟ್ರು, ಮೆಂತೆ ನೀರು ಬಾರ್ಲಿ ನೀರು ಕುಡಿದ್ರು. ಆಮೇಲೆ ಡೆಟ್ಟಾಲ್ ಹಾಕಿದ ನೀರಲ್ಲಿ ಒಳಗೆ ತನಕ ತೊಳೆದ್ರು, ಅದು ಇನ್ನೂ ಹಾಳು, ಯಾಕಂದ್ರೆ ಅಲ್ಲಿ ಇರುವ ಒಳ್ಳೆ ಬ್ಯಾಕ್ಟೀರಿಯಾ ಆ ಜಾಗವನ್ನು ಸ್ವಲ್ಪ ಹುಳಿಯಾಗಿ ಇಟ್ಟಿರ್ತದೆ, ಪಿಎಚ್ 3.8ರಿಂದ 4.5ರ ಒಳಗೆ, ಡೆಟ್ಟಾಲ್ ಸೋಪು ಹಾಕಿದ್ರೆ ಅದೇ ಸಾಯುದು. ಮತ್ತೆ ಮೆಡಿಕಲ್ ಶಾಪಿಂದ ಫಂಗಸ್ಸಿನ ಒಂದು ಮಾತ್ರೆ, ಒಂದಲ್ಲ ಐದಾರು ಸಲ. ಪಕ್ಕದ ಮನೆಯವ್ರು ಎಂಡೋಸಲ್ಫಾನ್ ಕೀಟನಾಶಕದಿಂದ ಇರ್ಬೇಕು ಅಂದ್ರಂತೆ. ನಮ್ಮ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅದನ್ನು ಸುರಿದದ್ದು, 2000ದಲ್ಲಿ ನಿಂತದ್ದು, ಹಾಗಾಗಿ ಜನ ಎಲ್ಲದಕ್ಕೂ ಅದನ್ನೇ ಹೇಳುದರಲ್ಲಿ ತಪ್ಪಿಲ್ಲ, ಆದ್ರೆ ಈ ಕೇಸಿಗೂ ಅದಕ್ಕೂ ಸಂಬಂಧ ಇರ್ಲಿಲ್ಲ.

2020ರ ಫೆಬ್ರವರಿಯಲ್ಲಿ ತಂಗಿಯನ್ನು ಕರ್ಕೊಂಡು ಮಂಗಳೂರಿಗೂ ಹೋಗಿದ್ರು. ಸ್ಕ್ಯಾನಿಂಗ್ ಆಯ್ತು, ಗರ್ಭಕೋಶ ಸರಿ ಉಂಟು ಅಂದ್ರು, ಇನ್ನು ಟೆಸ್ಟ್ ಮಾಡ್ಬೇಕು ಮುಂದಿನ ತಿಂಗಳು ಬನ್ನಿ ಅಂದ್ರು. ಮುಂದಿನ ತಿಂಗಳು ಎಂತ ಆಯ್ತು ಅಂತ ಕಾಸರಗೋಡಿನವರಿಗೆ ಹೇಳ್ಬೇಕಾಗಿಲ್ಲ, ಕೊರೋನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಬಂದ್, ರಸ್ತೆಗೆ ಮಣ್ಣು. ಡಯಾಲಿಸಿಸ್ಸಿನವರು ಹಾರ್ಟಿನವರೇ ದಾಟ್ಲಿಕ್ಕೆ ಆಗದೆ ಒದ್ದಾಡಿದ್ರು, ಕೋರ್ಟಿನ ತನಕ ಹೋಯ್ತು. ಅಲ್ಲಿ ಬಿಳಿ ಹೋಗುವ ಹೆಂಗಸು ಯಾವ ಲೆಕ್ಕ? ಆ ಚೀಟಿ ಅಲ್ಲಿಗೇ ನಿಂತಿತು. ಗಂಡ ಮಾತ್ರ ಹೋಟೆಲು ಮುಚ್ಚಿದ್ದಕ್ಕೆ ಅದು ಹೇಗೋ ಊರು ಸೇರಿ ಆರು ತಿಂಗಳು ಮನೆಯಲ್ಲೇ ಇದ್ರು, ಉರಿ ಜಾಸ್ತಿ ಆದದ್ದು ಆಗಲೇ ಅಂತ ಅಕ್ಕನ ನೆನಪು.

ಗಡಿ ತೆರೆದ ಮೇಲೆ ಈ ಕಡೆಯೇ ಒಂದು ಆಸ್ಪತ್ರೆಗೆ ಹೋದ್ರು. ಚೀಟಿ ಮಲಯಾಳದಲ್ಲಿ, ಬೋರ್ಡು ಮಲಯಾಳದಲ್ಲಿ, ಕನ್ನಡ ಇಲ್ಲಿ ಅಲ್ಪಸಂಖ್ಯಾತ ಭಾಷೆ ಅಂತ ಕಾಗದದಲ್ಲಿ ಉಂಟು ಬಿಡಿ. ಅಕ್ಕನಿಗೆ ಮಲಯಾಳ ಬರ್ತದೆ, ಬಸ್ಸಿಗೆ, ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಬೇಕಾದಷ್ಟು, ಆದ್ರೆ ಈ ವಿಷಯ ಹೇಳುವಷ್ಟು ಇಲ್ಲ. ಚೀಟಿ ಬರೆಯುವ ಹುಡುಗಿ ಎಂತ ತೊಂದರೆ ಅಂತ ಕೇಳಿದ್ದಕ್ಕೆ ಇವ್ರು ಮೆಲ್ಲ ಏನೋ ಹೇಳಿದ್ರು, ಅವಳಿಗೆ ಅರ್ಥ ಆಗ್ಲಿಲ್ಲ, ಹಿಂದಿದ್ದವಳು ಸಹಾಯ ಮಾಡ್ಲಿಕ್ಕೆ ಅಂತ ಗಟ್ಟಿಯಾಗಿ "ವೆಳ್ಳಪೋಕ್ಕ್" (ಬಿಳಿ ಹೋಗುದು) ಅಂದ್ಳು. ಇಡೀ ಕ್ಯೂ ತಿರುಗಿ ನೋಡಿತು. ಕ್ಯೂನಲ್ಲಿ ಬ್ರಾಂಚಿನ ಇಬ್ಬರು ಇದ್ರು. ಅಕ್ಕ ಟಾಯ್ಲೆಟ್ ಎಲ್ಲಿ ಅಂತ ಕೇಳುವ ಹಾಗೆ ಮಾಡಿ ಹೊರಗೆ ಬಂದು ಸೀದಾ ಬಸ್ಸು ಹತ್ತಿದ್ರು.

ಇನ್ನೊಂದು ಸಂಗತಿ ನನಗೆ ಎರಡನೇ ಭೇಟಿಯಲ್ಲಿ ಗೊತ್ತಾದದ್ದು. ನಾನು ಲೇಡಿ ಡಾಕ್ಟ್ರ ಹತ್ರ ಟೈಮ್ ತಗೊಂಡಿದ್ದೆ, ಕನ್ನಡ ಬರುವವ್ರು, ಒಳ್ಳೆಯವ್ರು. ಅಕ್ಕ ಬಂದ್ರು, ಒಳಗೆ ಹೋದ್ರು, ಪರೀಕ್ಷೆ ಮಾಡ್ಬೇಕು ಮಲಗಿ ಅಂದದ್ದೇ ತಡ "ಇವತ್ತು ಬೇಡ" ಅಂತ ಎದ್ದು ಬಂದ್ರು. ನಾಚಿಕೆ ಅಂದ್ಕೊಂಡೆ. ನಾಚಿಕೆಯೇ ಹೌದು ಆದ್ರೆ ನಾನು ಅಂದ್ಕೊಂಡ ನಾಚಿಕೆ ಅಲ್ಲ. ಹೊರಗೆ ಬೆಂಚಲ್ಲಿ ಕೂತು ಸೀರೆಯ ನೆರಿಗೆ ಸ್ವಲ್ಪ ಎತ್ತಿ ತೋರಿಸಿದ್ರು. ಒಳಗಿನ ಲಂಗ ಮುಂದೆ ಗೇಣುದ್ದ ಹರಿದು, ಬೇರೆ ಬಣ್ಣದ ನೂಲಲ್ಲಿ ಹೊಲಿದು, ಅದೂ ಬಿಟ್ಟುಹೋಗಿ ಸೇಫ್ಟಿ ಪಿನ್ನು. ನೂಲು ಯಾವುದು ಗೊತ್ತಾ, ಬೀಡಿ ಕಟ್ಟುವ ನೂಲು. "ಡಾಕ್ಟ್ರ ಮುಂದೆ ಇದ್ರಲ್ಲಿ ಹೇಗೆ ಸಿಸ್ಟರ್?" ಮೈ ತೋರಿಸ್ಲಿಕ್ಕೆ ಅವ್ರು ತಯಾರಿದ್ರು, ಲಂಗ ತೋರಿಸ್ಲಿಕ್ಕೆ ಅಲ್ಲ. ನಾವು ತಯಾರು ಮಾಡುವ ಯಾವ ಫಾರ್ಮಲ್ಲಿಯೂ "ಆಸ್ಪತ್ರೆಗೆ ಬಾರದ ಕಾರಣ" ಅನ್ನುವ ಕಾಲಮಿನಲ್ಲಿ ಇದಕ್ಕೆ ಜಾಗ ಇಲ್ಲ. ದೂರ, ಹಣ, ನಾಚಿಕೆ, ಇತರೆ. ಇತರೆಯಲ್ಲಿ ಬರೀಬೇಕಷ್ಟೆ.

ಮೂರನೇ ಭೇಟಿಗೆ ಹೊಸ ಲಂಗ ಹಾಕ್ಕೊಂಡು ಬಂದ್ರು, ಮಗಳದ್ದು ಅಂತೆ. ಪರೀಕ್ಷೆ ಆಯ್ತು. ಹಳದಿ ಹಸಿರು ನೊರೆನೊರೆ ಸ್ರಾವ, ಗರ್ಭಕೋಶದ ಬಾಯಿ ಕೆಂಪು. ಒಂದು ಹನಿ ತೆಗೆದು ಸ್ಲೈಡಲ್ಲಿ ಹಾಕಿ ಪಕ್ಕದ ಲ್ಯಾಬಿಗೆ ಓಡಿದ್ದೇ, ಹತ್ತು ನಿಮಿಷದೊಳಗೆ ನೋಡ್ಬೇಕು ಇಲ್ಲದಿದ್ರೆ ಆ ಜೀವಿಯ ಓಡಾಟ ನಿಲ್ತಾ ಬಂದು ಗುರುತು ಸಿಕ್ಕುದು ಕಷ್ಟ. ಸಿಕ್ಕಿತು, ಟ್ರೈಕೊಮೊನಾಸ್. ಬಾಲ ಆಡಿಸ್ತಾ ತಿರುಗುವ ಏಕಕೋಶ ಜೀವಿ, ಲೈಂಗಿಕ ಸಂಪರ್ಕದಿಂದ ಹರಡುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಲ್ಲಿ 2020ರಲ್ಲಿ ಲೋಕದಲ್ಲಿ ಹೊಸದಾಗಿ ಬಂದದ್ದೇ 15 ಕೋಟಿ 60 ಲಕ್ಷ, ಅಂದ್ರೆ ಇದು ಯಾವುದೋ ಅಪರೂಪದ "ಕೆಟ್ಟ ರೋಗ" ಅಲ್ಲ. ಫಂಗಸ್ ಅಲ್ಲವೇ ಅಲ್ಲ, ಹಾಗಾಗಿ ಮೆಡಿಕಲ್ ಶಾಪಿನ ಆ ಐದಾರು ಮಾತ್ರೆಯೂ ದಂಡ. ಎಚ್‌ಐವಿ, ಸಿಫಿಲಿಸ್ ಟೆಸ್ಟ್ ನೆಗೆಟಿವ್. ವಯಸ್ಸು 30 ದಾಟಿದ್ದಕ್ಕೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯೂ ಮಾಡಿದ್ರು, ಸರಿ ಇತ್ತು. ಜೀವನದಲ್ಲೇ ಮೊದಲನೇ ಸಲ. ಅದ್ರಲ್ಲಿ ಆಶ್ಚರ್ಯ ಇಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 30ರಿಂದ 49 ವಯಸ್ಸಿನ ನಮ್ಮ ಹೆಂಗಸರಲ್ಲಿ ಈ ತಪಾಸಣೆ ಒಮ್ಮೆಯಾದ್ರೂ ಮಾಡಿಸಿದವ್ರು ಶೇ. 2ಕ್ಕಿಂತಲೂ ಕಮ್ಮಿ.

ಮದ್ದು ಸುಲಭ. ಮೆಟ್ರೊನಿಡಜೋಲ್ 400, ದಿನಕ್ಕೆ ಎರಡು, ಏಳು ದಿನ. ಸರ್ಕಾರಿಯಲ್ಲಿ ಫ್ರೀ. ಗಂಡನಿಗೂ ಅದೇ, ಯಾಕಂದ್ರೆ ಗಂಡಸರಲ್ಲಿ ಇದು ಹೆಚ್ಚಾಗಿ ಯಾವ ಲಕ್ಷಣವೂ ತೋರಿಸದೆ ಸುಮ್ಮನೆ ಕೂತಿರ್ತದೆ, ಒಬ್ಬರು ಮಾತ್ರ ತಿಂದ್ರೆ ಪುನಃ ಬರ್ತದೆ. ಏಳು ದಿನ ಸೇರ್ಬಾರ್ದು, ಮದ್ದು ಮುಗಿಯುವ ತನಕ ಕುಡೀಬಾರ್ದು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಗಂಡನ ಪಾಲಿನ ಮಾತ್ರೆ ಒಂದು ಲಕೋಟೆಯಲ್ಲಿ ಹಾಕಿ "ಅವ್ರು ಬಂದಾಗ ಕೊಡಿ, ಹೇಳಿ" ಅಂತ ಅಕ್ಕನ ಕೈಗೇ ಕೊಟ್ಟು ಕಳಿಸಿದೆ. ಟ್ರೈನಿಂಗಲ್ಲಿ ಹಾಗೇ ಹೇಳ್ತಾರೆ, ಸಂಗಾತಿಗೆ ತಿಳಿಸ್ಲಿಕ್ಕೆ ಹೇಳಿ ಅಂತ, ಹೇಳ್ಲಿಕ್ಕೆ ಆಗ್ತದಾ ಅಂತ ನಾನು ಕೇಳ್ಲಿಲ್ಲ. ಅವ್ರು ದೀಪಾವಳಿಗೆ ಬಂದ್ರು, ಅಕ್ಕ ಊಟ ಆದ ಮೇಲೆ ಲಕೋಟೆ ಕೊಟ್ರು. ಗಂಡ ಕೇಳಿದ ಮೊದಲ ಮಾತು, "ನೀನು ಯಾರ ಹತ್ರ ಹೋಗಿದ್ದಿ?" ಮಾತ್ರೆ ತೆಂಗಿನ ಬುಡಕ್ಕೆ ಹೋಯ್ತು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೇ ರಾತ್ರಿ ಮಾತು ಶುರುವಾಯ್ತು, ಅದ್ರ ಜೊತೆ ಉಳಿದದ್ದೂ. ಡಿಸೆಂಬರಲ್ಲಿ ಅಕ್ಕ ಪುನಃ ನನ್ನ ಮುಂದೆ, ಅದೇ ನೊರೆ, ಅದೇ ಉರಿ. ಈ ಜೀವಿ ತಿಂಗಳುಗಟ್ಟಲೆ ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಗೊತ್ತಿಲ್ಲದ ಹಾಗೆ ದೇಹದಲ್ಲಿ ಇರ್ತದೆ, ಯಾರಿಂದ ಯಾರಿಗೆ ಯಾವಾಗ ಬಂತು ಅಂತ ಹೇಳ್ಲಿಕ್ಕೆ ಆಗುದೇ ಇಲ್ಲ. ಈ ಒಂದು ವಾಕ್ಯ ಲಕೋಟೆಯ ಮೊದಲು ಗಂಡನಿಗೆ ಹೋಗ್ಬೇಕಿತ್ತು, ಅದೂ ನನ್ನ ಬಾಯಿಯಿಂದ.

ಮಾತ್ರೆ ಫ್ರೀ ಅಂದೆ ಅಲ್ವಾ, ಅದಕ್ಕೆ ಅಕ್ಕನ ಲೆಕ್ಕ ಬೇರೆ. ಆಸ್ಪತ್ರೆಗೆ ಹೋದ ದಿನ 250 ಬೀಡಿ ಆದ್ರೆ ಹೆಚ್ಚು, ಅಂದ್ರೆ 450 ಹೋಯ್ತು. ಒಟ್ಟು ಆರು ಸಲ ಹೋದದ್ದಕ್ಕೆ 2700 ಬೀಡಿ, ಅದ್ರ ಮೇಲೆ ಬಸ್ಸು. ಬ್ರಾಂಚಿಗೆ ಹೊತ್ತಿಗೆ ಸರಿಯಾಗಿ ಕೊಡದಿದ್ರೆ ಅವನ ಮುಖ ನೋಡ್ಬೇಕು. ಅಕ್ಕನಿಗೆ ಕಾಯಿಲೆ ರಜೆ ಅಂತ ಯಾರೂ ಸಂಬಳ ಕೊಡುದಿಲ್ಲ, ಕಟ್ಟಿದ್ರೆ ಉಂಟು ಇಲ್ಲದಿದ್ರೆ ಇಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಅಂತ 1976ರ ಕಾನೂನು ಉಂಟು, ಅದಕ್ಕೆ ಬೀಡಿ ಮೇಲೆ ಹಾಕ್ತಿದ್ದ ಸೆಸ್ಸು 2017ರಲ್ಲಿ ಜಿಎಸ್‌ಟಿ ಬಂದಾಗ ಹೋಯ್ತು, ಅದು ಇನ್ನೊಂದು ದೊಡ್ಡ ಕತೆ. ಮದ್ದಿನ ಆ ಏಳು ದಿನವೂ ಬಾಯಿ ಕಬ್ಬಿಣ ನೆಕ್ಕಿದ ಹಾಗೆ, ಹೊಗೆಸೊಪ್ಪಿನ ಹುಡಿಯ ವಾಸನೆಗೆ ವಾಕರಿಕೆ, ದಿನಕ್ಕೆ ನೂರಿನ್ನೂರು ಕಮ್ಮಿಯೇ ಆಯ್ತು.

ಜನವರಿಯಲ್ಲಿ ಒಮ್ಮೆ ಮನೆಗೆ ಹೋದೆ. ಅಕ್ಕ ಮಳೆಗಾಲದ ಕತೆ ಹೇಳ್ತಾ ಇದ್ರು, ಮಳೆಯಲ್ಲಿ ಬೀಡಿ ಮೆತ್ತಗಾದ್ರೆ ಬ್ರಾಂಚಲ್ಲಿ ಬಿಸಾಡ್ತಾನೆ ಅಂತ ಗೆರಸೆಯನ್ನು ಒಲೆಯ ಮೇಲೆ ತೂಗಹಾಕಿ ಬೆಚ್ಚಗೆ ಒಣಗಿಸುದಂತೆ. ಮುಟ್ಟಿನ ಬಟ್ಟೆ ಎಲ್ಲಿ ಒಣಗಿಸುದು ಅಂತ ಕೇಳಿದೆ. ಕಪಾಟಿನ ಹಿಂದೆ ಗೋಡೆಗೆ ತಾಗಿಸಿ, ಇನ್ನೊಂದು ಬಟ್ಟೆಯ ಅಡಿಯಲ್ಲಿ. ಬೀಡಿಗೆ ಬೆಂಕಿಯ ಕಾವು, ಬಟ್ಟೆಗೆ ಕಪಾಟಿನ ಕತ್ತಲೆ. ಬಟ್ಟೆಯಿಂದ ಈ ರೋಗ ಬಂದದ್ದಲ್ಲ, ಅದು ಬೇರೆ ಮಾತು, ಆದ್ರೆ ಹಸಿ ಬಟ್ಟೆಯಿಂದ ತೊಡೆಸಂದಿ ಹುಣ್ಣಾಗಿ ಉರಿ ಎರಡು ಪಾಲು ಆಗಿತ್ತು.

ಆ ದಿನವೇ ನಾನು ಕೇಳಿದೆ, ನೋವಾಗುವಾಗ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ ಅಂತ. ಅದೇ ಸಮೀಕ್ಷೆಯಲ್ಲಿ ಶೇ. 82 ಹೆಂಗಸರು ಮನಸ್ಸಿಲ್ಲದಿದ್ರೆ ಗಂಡನಿಗೆ ಬೇಡ ಅನ್ನಲಿಕ್ಕೆ ಆಗ್ತದೆ ಅಂದಿದ್ದಾರೆ, ಅಕ್ಕನನ್ನು ಕೇಳಿದ್ರೂ ಆಗ್ತದೆ ಅಂತಲೇ ಹೇಳ್ತಿದ್ರು ಅಂತ ಕಾಣ್ತದೆ, ಗಂಡ ಹೊಡೆಯುವವ್ರಲ್ಲ, ರಾಕ್ಷಸ ಅಲ್ಲ. ಆದ್ರೆ ನನಗೆ ಸಿಕ್ಕಿದ ಉತ್ತರ ಇದು: "ಬೇಡ ಹೇಳಿದ್ರೆ ಮಾತು ಬೆಳೀತದೆ ಸಿಸ್ಟರ್. ಪರದೆಯ ಆಚೆ ಮಗಳು ಮಲಗಿರ್ತಾಳೆ." ಶಬ್ದ ಆಗ್ಬಾರ್ದು ಅಂತ ಮೂರು ವರ್ಷ ಹಲ್ಲು ಕಚ್ಚಿದ್ದು. ಇನ್ನೊಂದು ಕೋಣೆ ಇದ್ದಿದ್ರೆ ಅಕ್ಕ ಜಗಳ ಆಡ್ತಿದ್ರು, ನನಗೆ ಅನುಮಾನವೇ ಇಲ್ಲ, ಬ್ರಾಂಚಿನವನ ಹತ್ರ ಅವ್ರು ಜಗಳ ಆಡುದು ನಾನು ನೋಡಿದ್ದೇನೆ.

ಕಾಂಡೋಮಿನ ಮಾತೂ ತೆಗೆದೆ. "ಆಪರೇಷನ್ ಆಗಿದೆಯಲ್ಲ, ಮತ್ತೆ ಅದು ಎಂತಕ್ಕೆ?" ಅಕ್ಕನೇ ಕೇಳಿದ್ದು. ನಾವು ವರ್ಷಗಟ್ಟಲೆ ಹೆಂಗಸರಿಗೆ ಆಪರೇಷನ್ನೇ ದಾರಿ ಅಂತ ಹೇಳ್ತಾ ಬಂದದ್ದು, ಅದೇ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 37.9 ಮಂದಿಗೆ ಆಗಿತ್ತು, ಗಂಡಸರ ಆಪರೇಷನ್ ಶೇ. 0.3. ಮಕ್ಕಳಾಗುದು ನಿಂತಿತು, ಸೋಂಕು ನಿಲ್ಲುದಿಲ್ಲ ಅಂತ ಯಾರೂ ಹೇಳ್ಲಿಲ್ಲ. ಆಪರೇಷನ್ ಆದವಳು ಕಾಂಡೋಮ್ ಕೇಳಿದ್ರೆ ಅದೇ ಒಂದು ಸಂಶಯ.

ಈ ಹೊತ್ತಿಗೇ ನನಗೆ ಇನ್ನೊಂದು ಮನೆಯ ಕೇಸೂ ಬಂತು, ಹೋಲಿಸ್ಲಿಕ್ಕೆ ಹೇಳ್ತೇನೆ. ಅಡಿಕೆ ತೋಟದ ಗಟ್ಟಿ ಮನೆ, ಸೊಸೆ, ಡಿಗ್ರಿ ಆದವಳು. ಅವಳಿಗೂ ಬಿಳಿ, ತುರಿಕೆ. ಮೂರು ವಾರದೊಳಗೆ ಕಾರಲ್ಲಿ ಮಂಗಳೂರು, ಟೆಸ್ಟ್, ಸಕ್ಕರೆ ಕಾಯಿಲೆ ಸಿಕ್ಕಿತು, ಫಂಗಸ್ ಸಿಕ್ಕಿತು, ಮದ್ದು ಆಯ್ತು. ಹಣ ಇದ್ದದ್ದಕ್ಕೆ ಮೂರು ವರ್ಷದ ಕೆಲಸ ಮೂರು ವಾರದಲ್ಲಿ. ಆದ್ರೆ ಡಾಕ್ಟ್ರ ಕೋಣೆಯಲ್ಲಿ ಪ್ರತೀ ಸಲ ಅತ್ತೆ ಪಕ್ಕದ ಕುರ್ಚಿಯಲ್ಲಿ, ಗಂಡನ ಜೊತೆ ಸೇರುವಾಗ ಮದುವೆಯಾದಂದಿನಿಂದ ಆಗುವ ನೋವಿನ ಬಗ್ಗೆ ಅವಳು ಬಾಯಿಬಿಟ್ಟದ್ದು ನನ್ನ ಹತ್ರ, ಅದೂ ದನದ ಹಟ್ಟಿಯ ಬದಿಯಲ್ಲಿ ನಿಂತು. ಹಾಗಾಗಿ ಹಣ ಇದ್ರೆ ಎಲ್ಲ ಸರಿ ಅಂತ ನಾನು ಹೇಳ್ಲಾರೆ. ಹಣದಿಂದ ಡಾಕ್ಟ್ರು ಬೇಗ ಸಿಕ್ಕಿದ್ರು, ಮಾತಾಡ್ಲಿಕ್ಕೆ ಜಾಗ ಸಿಗ್ಲಿಲ್ಲ. ಅಕ್ಕನಿಗೆ ಎರಡೂ ಇರ್ಲಿಲ್ಲ.

ಹಾಗಂತ ಬಿಳಿ ಅಂದದ್ದೆಲ್ಲ ಸೋಂಕು ಅಂತಲೂ ಓಡ್ಬಾರ್ದು. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತವರ ತಂಡ ನೋಡಿದಾಗ ಬಿಳಿ ಹೋಗುವ ದೂರಿಗೆ ಸೋಂಕಿಗಿಂತ ಮನಸ್ಸಿನ ಒತ್ತಡ, ಮನೆಯ ಕಷ್ಟದ ಜೊತೆಗೇ ನಂಟು ಜಾಸ್ತಿ ಕಂಡದ್ದು. ಇನ್ನೊಂದು ಬದಿಯಲ್ಲಿ ಡಾಕ್ಟರ್ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಮಹಾರಾಷ್ಟ್ರದ ಗಡ್‌ಚಿರೋಲಿಯ ಎರಡು ಹಳ್ಳಿಯಲ್ಲಿ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ್ರು, ಶೇ. 92 ಮಂದಿಗೆ ಏನಾದ್ರೊಂದು ಸ್ತ್ರೀರೋಗ ಇತ್ತು, ಅದಕ್ಕೆ ಮೊದಲು ಪರೀಕ್ಷೆ ಆದವ್ರು ಬರೀ ಶೇ. 8. ಎರಡೂ ಸತ್ಯವೇ. ನಮ್ಮಲ್ಲಿ ಲಕ್ಷಣ ಕೇಳಿ ಬಣ್ಣಬಣ್ಣದ ಮದ್ದಿನ ಕಿಟ್ ಕೊಡುವ ಪದ್ಧತಿ ಉಂಟು, ಬಿಳಿಗೆ ಹಸಿರು ಕಿಟ್, ಕೆಳಹೊಟ್ಟೆ ನೋವಿಗೆ ಹಳದಿ. ಲ್ಯಾಬು ಇಲ್ಲದ ಕಡೆ ಅದು ಬೇಕೇ ಬೇಕು. ಆದ್ರೆ ಕಿಟ್ ಕೊಟ್ಟ ಮೇಲೆ ಕೇಳುದು ನಿಂತುಹೋಗ್ತದೆ. ಕುರ್ಚಿ ಎಳೆದು ಕೂತು ಕೇಳಿದ್ರೆ ಮಾತ್ರ ಲಂಗದ ಸಂಗತಿ ಹೊರಗೆ ಬರುದು.

ಎರಡನೇ ಸುತ್ತಿಗೆ ನಾನು ಗಂಡನಿಗೆ ಫೋನ್ ಮಾಡಿದೆ, ಅಕ್ಕನ ಒಪ್ಪಿಗೆ ಕೇಳಿಯೇ. ಮೊದಲನೇ ಫೋನ್ ಕಟ್. ಎರಡನೆಯದ್ದಕ್ಕೆ "ಹೆಂಗಸರ ಕಾಯಿಲೆಗೆ ಗಂಡಸು ಎಂತಕ್ಕೆ ಮಾತ್ರೆ ತಿನ್ನುದು ಮೇಡಂ?" ಸೋಂಕು, ಜೀವಾಣು ಎಲ್ಲ ವಿವರಿಸಿದೆ, ಆಚೆಯಿಂದ ಬರೀ ಪಾತ್ರೆಯ ಸದ್ದು. ಮತ್ತೆ ಏನೋ ಹೊಳೆದು ಕೇಳಿದೆ, ನೀವು ರೂಮಲ್ಲಿ ಎಷ್ಟು ಜನ ಇದ್ದೀರಿ ಅಂತ. ಎಂಟು ಜನ. ಒಬ್ಬನಿಗೆ ಕಜ್ಜಿ ಬಂದ್ರೆ ಎಂತ ಮಾಡ್ತೀರಿ? ನಗೆ ಬಂತು ಅವರಿಗೆ. ಹೋದ ವರ್ಷ ಬಂದಿತ್ತಂತೆ, ಒಬ್ಬೊಬ್ಬನೇ ಮದ್ದು ಹಚ್ಚಿ ಹಚ್ಚಿ ಮೂರು ತಿಂಗಳು ರಗಳೆ, ಕೊನೆಗೆ ಎಂಟೂ ಜನ ಒಂದೇ ರಾತ್ರಿ ಹಚ್ಚಿದ ಮೇಲೆ ಹೋದದ್ದು. ಮೊದಲು ಯಾರು ತಂದದ್ದು ಅಂತ ಗೊತ್ತಾಯ್ತಾ ಅಂದೆ. "ಅದು ಹೇಗೆ ಗೊತ್ತಾಗ್ತದೆ ಮೇಡಂ?" ಇದೂ ಹಾಗೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರಿಗೂ ಹಿಂದೊಮ್ಮೆ ಮೂತ್ರ ಉರಿ ಬಂದು ಮೆಡಿಕಲ್ಲಿಂದ ಎರಡು ಮಾತ್ರೆ ತಿಂದದ್ದು ಹೇಳಿದ್ರು.

ಮಾರ್ಚಲ್ಲಿ ಗಂಡ ಊರಿನ ಭೂತಕೋಲಕ್ಕೆ ಬಂದಾಗ ಇಬ್ಬರೂ ಒಂದೇ ದಿನ ಶುರು ಮಾಡಿದ್ರು. ಕೋಲದ ದಿನ ಕುಡಿಯದೆ ಇದ್ದದ್ದು ದೊಡ್ಡ ತ್ಯಾಗ ಅಂತ ಅಕ್ಕ ನಗಾಡಿದ್ರು. ಜೂನಲ್ಲಿ, ಮೂರು ತಿಂಗಳು ಕಳೆದು, ಪುನಃ ಸ್ಲೈಡ್ ನೋಡಿದ್ದು, ಎಂತ ಇರ್ಲಿಲ್ಲ. ಸೊಂಟ ನೋವು ಮಾತ್ರ ಹಾಗೇ ಉಂಟು, ಅದು ನಿಜವಾಗಿಯೂ ಬೀಡಿಯದ್ದು.

ಬಚ್ಚಲಿಗೆ ಚಿಲಕ ಬಂದಿದೆ, ಗಂಡ ಹಾಕಿದ್ದು. ಪರದೆ ಪರದೆಯೇ. ಆಸ್ಪತ್ರೆಯಲ್ಲಿ ಸಂಜೆಯೂ ಒಪಿ (ಹೊರರೋಗಿ ವಿಭಾಗ) ಉಂಟು, ಆದ್ರೆ ಲೇಡಿ ಡಾಕ್ಟ್ರು ಬೆಳಿಗ್ಗೆ ಮಾತ್ರ, ಬ್ರಾಂಚಿಗೆ ಬೀಡಿ ಕೊಡುವ ಹೊತ್ತೂ ಬೆಳಿಗ್ಗೆ. ನಾನು ಇದನ್ನು ಎರಡು ಮೀಟಿಂಗಲ್ಲಿ ಹೇಳಿದೆ, ಬರ್ಕೊಂಡ್ರು. ಹೋದ ತಿಂಗಳು ಅಕ್ಕ ಬ್ರಾಂಚಿನ ಇನ್ನೊಬ್ಬಳನ್ನು ಕರ್ಕೊಂಡು ಬಂದಿದ್ರು, ಆ ಕ್ಯೂನಲ್ಲಿ ಇದ್ದ ಇಬ್ಬರಲ್ಲಿ ಒಬ್ಬಳು. ಅವಳು ಕೂತು ಸೊಂಟ ನೋವು ಅಂತ ಶುರು ಮಾಡಿದ್ಳು, ಅಕ್ಕ ನನ್ನ ಮುಖ ನೋಡಿ, ಎದ್ದು, ಕೊಡೆ ತಗೊಂಡು ಹೊರಗೆ ಹೋಗಿ ಬಾಗಿಲು ಎಳ್ಕೊಂಡ್ರು.